ಬರೆದ ಸಾಲ, ಬರೆಯದ ಉದ್ರಿ

ಪ್ರಶ್ನೆ: ಸರ, ನಮಸ್ಕಾರ. ನಾನು ಬೀಳಗಿ ತಾಲ್ಲೂಕಿನ ಒಂದು ಹಳ್ಳಿಯಾಕಿ. ನಮ್ಮ ಸಂಘದಾಗ ಹದಿನಾಲ್ಕು ಮಂದಿ ಹೆಣ್ಮಕ್ಕಳು ಅದೀವಿ. ಒಂಬತ್ತು ವರ್ಷದಿಂದ ಸಂಘದ ಕಿರ್ದಿ ನಾನ ಬರೀತೀನಿ. ನಮ್ಮದೊಂದು ಕಟ್ಟುನಿಟ್ಟು ನಿಯಮ ಐತಿ, ಹಳೇ ಸಾಲ ತೀರಿಸಾಕ ಹೊಸ ಸಾಲ ಕೊಡೂದಿಲ್ಲ. ಮೊನ್ನೆ ವಾಟ್ಸಾಪಿನಾಗ ಒಂದು ಮೆಸೇಜ್ ಬಂತು. ಕರ್ನಾಟಕದಾಗ ಹುಟ್ಟೂ ಪ್ರತಿ ಕೂಸಿನ ತಲೀ ಮ್ಯಾಲೆ ಲಕ್ಷ ರೂಪಾಯಿ ಸಾಲ ಐತಿ, ಹೆಣ್ಮಕ್ಕಳಿಗೆ ಕೊಡೂ ಎರಡು ಸಾವಿರನ ಅದಕ್ಕ ಕಾರಣ ಅಂತ. ನಮ್ಮ ಭಾವ ಅದನ್ನ ಮನಿ ಮಂದಿ ಮುಂದ ಓದಿ ತೋರಿಸಿದ್ರು. ನನಗ ತಲಿ ತಗ್ಗಿಸುವಂಗಾತು. ಆ ದುಡ್ಡಿನಾಗ ನಾನು ಮಗಳ ಪಿಯುಸಿ ಫೀ ತುಂಬೀನಿ. ಸರ್ಕಾರ ಖರೇನ ದಿವಾಳಿ ಆಗತೈತೇನ್ರಿ? ನೋಟು ಹೊಡಿಯೂ ಮಿಶನ್ ಅವರ ಕಡೇನ ಇದ್ದಮ್ಯಾಲೆ ಸಾಲ ಯಾಕ ಮಾಡ್ತಾರ? ನನ್ನ ಮಗಳು ಈ ಸಾಲ ತೀರಿಸಬೇಕೇನು? ಇನ್ನೊಂದು ಮಾತು. ಯಜಮಾನ್ರು ಫ್ಯಾಕ್ಟರಿಗೆ ಕಬ್ಬು ಸಾಗಿಸೂ ಟ್ರ್ಯಾಕ್ಟರ್ ಹೊಡೀತಾರ. ಮಾವನವರ ಹೆಸರಿಲೆ ಇರೂ ಮೂರು ಎಕರೆ ಇಪ್ಪತ್ತು ಗುಂಟೆ ಹೊಲ ಆಲಮಟ್ಟಿ ಹಿನ್ನೀರಿಗೆ ಹೊಂಟೈತಿ. ಬೋರಿನ ನೀರಿನಾಗ ಕಬ್ಬು ಬೆಳೀತೀವಿ. ಇಷ್ಟು ಸಾಲ ಇದ್ದ ಸರ್ಕಾರ ನಮಗ ದುಡ್ಡು ಕೊಡತೈತೋ ಇಲ್ಲೋ? ಕೊಟ್ರ ಎಲ್ಲಿ ಇಡಬೇಕು?

ಉತ್ತರ: ತಂಗಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಭಾವನವರು ಮೆಸೇಜ್ ಓದಿ ತೋರಿಸಿದ ಸಾಲು ಬಂದಾಗ ಎರಡೂ ಸಲ ಮನಸ್ಸಿಗೆ ನೋವಾಯಿತು. ನಾನು ಮೂವತ್ತು ವರ್ಷ ಸರ್ಕಾರದ ಲೆಕ್ಕಪತ್ರದ ಕೆಲಸ ಮಾಡಿದವನು, ಬಾಗಲಕೋಟೆಯಲ್ಲೂ ಇದ್ದೆ, ವಿಜಯಪುರದಲ್ಲೂ ಇದ್ದೆ. ಸರ್ಕಾರದ ಸಾಲದ ಬಗ್ಗೆ ನನಗೂ ಚಿಂತೆ ಇದೆ. ಆದರೆ ಆ ಮೆಸೇಜ್ ಬರೆದವರು ಬೆರಳು ತೋರಿಸುವ ಜಾಗ ಒಂದು, ನನಗೆ ಭಯ ಇರುವ ಜಾಗ ಇನ್ನೊಂದು. ನಿಮ್ಮ ಹೊಲದ ಪ್ರಶ್ನೆ ಆ ಎರಡನೆಯ ಜಾಗಕ್ಕೇ ಸೇರಿದ್ದು. ಅಲ್ಲಿಗೆ ಬರುತ್ತೇನೆ.

ಮೊದಲು ಅಂಕಿ ನೋಡೋಣ. 2025-26ರ ರಾಜ್ಯ ಬಜೆಟ್ಟಿನಲ್ಲಿ, ವರ್ಷದ ಕೊನೆಗೆ ಕರ್ನಾಟಕದ ಒಟ್ಟು ಹೊಣೆಗಾರಿಕೆ, ಎಂದರೆ ಸಾಲ, 7,64,655 ಕೋಟಿ ರೂಪಾಯಿ ಆಗುತ್ತದೆ ಎಂದು ಬರೆದಿದ್ದಾರೆ. ಸುಮಾರು ಏಳು ಕೋಟಿ ಜನಕ್ಕೆ ಹಂಚಿದರೆ ತಲೆಗೆ ಒಂದು ಲಕ್ಷದ ಮೇಲೆಯೇ ಬರುತ್ತದೆ. ಹಾಗಾಗಿ ಮೆಸೇಜಿನ ಅಂಕಿ ಸುಳ್ಳಲ್ಲ. ಆದರೆ ಪುಟದ ಅರ್ಧ ಹರಿದು ಅರ್ಧ ಮಾತ್ರ ಕಳಿಸಿದ್ದಾರೆ. ಅದೇ ಬಜೆಟ್ಟಿನಲ್ಲಿ, ಈ ಸಾಲ ರಾಜ್ಯದ ಒಟ್ಟು ಉತ್ಪನ್ನದ ಶೇ 24.91ರಷ್ಟು ಎಂದೂ ಇದೆ. ಹಾಗೆಂದರೆ ಮುಧೋಳದ ಕಬ್ಬು, ಇಂಡಿ ತಾಲ್ಲೂಕಿನ ನಿಂಬೆ, ಇಳಕಲ್ಲಿನ ಸೀರೆ, ಬೆಂಗಳೂರಿನ ಸಾಫ್ಟ್‌ವೇರ್ ಎಲ್ಲವೂ ಸೇರಿ ವರ್ಷವೊಂದಕ್ಕೆ ಈ ರಾಜ್ಯದಲ್ಲಿ ಹುಟ್ಟುವ ಸಂಪತ್ತು ಸುಮಾರು 30 ಲಕ್ಷದ 70 ಸಾವಿರ ಕೋಟಿ. ಅದನ್ನೂ ತಲೆಗೆ ಹಂಚಿ ನೋಡಿ, ನಾಲ್ಕು ಲಕ್ಷ ದಾಟುತ್ತದೆ. ನಿಮ್ಮ ಸಂಘದಲ್ಲಿ ಒಬ್ಬಾಕೆಗೆ ಇಪ್ಪತ್ತೈದು ಸಾವಿರ ಸಾಲ ಇದೆ ಎಂದು ಯಾರಾದರೂ ಹೇಳಿದರೆ ನೀವು ಮೊದಲು ಕೇಳುವುದು, ಆಕೆಯ ದುಡಿಮೆ ಎಷ್ಟು, ಎಮ್ಮೆ ಹಾಲು ಕೊಡುತ್ತಿದೆಯೋ ಇಲ್ಲವೋ ಎಂದು. ಸರ್ಕಾರದ ವಿಷಯದಲ್ಲೂ ಅದನ್ನೇ ಕೇಳಬೇಕು.

ಪತ್ರಿಕೆಗಳಲ್ಲಿ ‘ಕೊರತೆ’, ‘ಸಾಲ’ ಎರಡೂ ಒಂದೇ ಎಂಬಂತೆ ಬರೆಯುತ್ತಾರೆ. ನೀವು ಹಿನ್ನೀರಿನ ದಂಡೆಯವರು, ನಿಮಗೆ ಇದನ್ನು ತಿಳಿಸುವುದು ಸುಲಭ. ಮಳೆಗಾಲದಲ್ಲಿ ಆಲಮಟ್ಟಿಯ ಸುದ್ದಿ ಹೇಳುವಾಗ ಎರಡು ಲೆಕ್ಕ ಹೇಳುತ್ತಾರೆ: ಒಳಹರಿವು ಇಷ್ಟು ಕ್ಯುಸೆಕ್, ಸಂಗ್ರಹ ಇಷ್ಟು ಟಿಎಂಸಿ. ಕೊರತೆ ಎಂದರೆ ಒಳಹರಿವು, ಈ ಒಂದು ವರ್ಷದಲ್ಲಿ ಆದಾಯಕ್ಕಿಂತ ಖರ್ಚು ಎಷ್ಟು ಮೀರಿತು ಎಂಬುದು. ಸಾಲ ಎಂದರೆ ಸಂಗ್ರಹ, ಇಷ್ಟು ವರ್ಷದ ಕೊರತೆಗಳೆಲ್ಲ ಬಂದು ನಿಂತಿರುವುದು. ಒಳಹರಿವು ಒಂದು ಲಕ್ಷ ಕ್ಯುಸೆಕ್‌ನಿಂದ ಐವತ್ತು ಸಾವಿರಕ್ಕೆ ಇಳಿದರೂ ಗೇಟು ಹಾಕಿದ್ದರೆ ನೀರು ಏರುತ್ತಲೇ ಇರುತ್ತದೆ. ಕೇಂದ್ರ ಸರ್ಕಾರದ ಕೊರತೆ 2020-21ರಲ್ಲಿ ದೇಶದ ಉತ್ಪನ್ನದ ಶೇ 9.2 ಇತ್ತು. 2025-26ಕ್ಕೆ ಶೇ 4.4ಕ್ಕೆ ಇಳಿಸುತ್ತೇವೆ ಎಂದು ಬಜೆಟ್ಟಿನಲ್ಲಿ ಹೇಳಿದಾಗ, ದೇಶದ ಸಾಲ ಇಳಿಯಿತು ಎಂದು ಹಲವರು ತಿಳಿದರು. ಇಳಿದದ್ದು ಏರುವ ವೇಗ. ಆ ಶೇ 4.4 ಎಂದರೂ ರೂಪಾಯಿಯಲ್ಲಿ 15.69 ಲಕ್ಷ ಕೋಟಿ.

ಇನ್ನು ಜಲಾಶಯ ತುಂಬಿತೋ ಇಲ್ಲವೋ ಎಂಬುದು ನೀರಿನಿಂದ ಮಾತ್ರ ತೀರ್ಮಾನವಾಗುವುದಿಲ್ಲ, ಗೋಡೆಯ ಎತ್ತರವೂ ಬೇಕು. 123 ಟಿಎಂಸಿ ನೀರು 519.60 ಮೀಟರಿನ ಆಲಮಟ್ಟಿಗೆ ತುಂಬಿದ ಕೊಡ. ಅದೇ ಅಣೆಕಟ್ಟೆ 524.256 ಮೀಟರ್ ಆದರೆ ಅದೇ ನೀರಿಗೆ ಇನ್ನೂ ಜಾಗ ಉಳಿಯುತ್ತದೆ. ಸಾಲಕ್ಕೆ ಆ ಗೋಡೆ ಎಂದರೆ ರಾಜ್ಯದ ಉತ್ಪನ್ನ. ಅದಕ್ಕೇ ಸಾಲವನ್ನು ಯಾವಾಗಲೂ ಶೇಕಡಾ ಲೆಕ್ಕದಲ್ಲಿ ಹೇಳುವುದು.

ಈಗ ನಿಮ್ಮ ಸಂಘದ ನಿಯಮಕ್ಕೆ ಬರೋಣ. ಹಳೇ ಸಾಲ ತೀರಿಸಲು ಹೊಸ ಸಾಲ ಕೊಡುವುದಿಲ್ಲ ಎಂಬುದು ಹದಿನಾಲ್ಕು ಮಂದಿಯ ಸಂಘಕ್ಕೆ ಸರಿಯಾದ ನಿಯಮ, ಅದನ್ನು ಸಡಿಲ ಮಾಡಬೇಡಿ. ಮನುಷ್ಯರಿಗೆ ವಯಸ್ಸಾಗುತ್ತದೆ, ದುಡಿಯುವ ಶಕ್ತಿ ಕುಂದುತ್ತದೆ. ಸರ್ಕಾರಕ್ಕೆ ನಿವೃತ್ತಿ ಇಲ್ಲ, ಅದರ ದುಡಿಮೆ ಎಂದರೆ ತೆರಿಗೆ, ಊರು ಬೆಳೆದಂತೆ ಅದೂ ಬೆಳೆಯುತ್ತದೆ. ಒಂದು ಸಣ್ಣ ಲೆಕ್ಕ ಹಾಕಿ. ದುಡಿಮೆ 100, ಸಾಲ 25. ಬಡ್ಡಿ ಶೇ 7. ಒಂದು ಪೈಸೆ ತೀರಿಸದೆ ಬಡ್ಡಿಯನ್ನೂ ಸಾಲಕ್ಕೇ ಸೇರಿಸಿದರೆ ಮುಂದಿನ ವರ್ಷ ಸಾಲ 26.75. ಅಷ್ಟರಲ್ಲಿ ದುಡಿಮೆ ಶೇ 10 ಬೆಳೆದು 110 ಆಗಿದ್ದರೆ ಸಾಲದ ಭಾರ ಶೇ 24.3. ತೀರಿಸದಿದ್ದರೂ ಹಗುರಾಯಿತು. ಈಗ ತಿರುಗಿಸಿ ನೋಡಿ. ಬಡ್ಡಿ ಶೇ 8, ಬೆಳವಣಿಗೆ ಶೇ 5. ಸಾಲ 27, ದುಡಿಮೆ 105, ಭಾರ ಶೇ 25.7. ಯಾರೂ ಹೊಸ ತಪ್ಪು ಮಾಡಿಲ್ಲ, ಆದರೂ ಭಾರ ಏರಿತು. ಹೀಗಾಗಿ ಹೊಸ ಸಾಲ ತಂದು ಹಳೆಯದನ್ನು ತೀರಿಸುವುದು ತನ್ನಷ್ಟಕ್ಕೆ ದಿವಾಳಿಯ ಲಕ್ಷಣವಲ್ಲ. ಬಡ್ಡಿಯ ದರ ಬೆಳವಣಿಗೆಯನ್ನು ಹಿಂದೆ ಹಾಕಿದ ದಿನದಿಂದ ಕಷ್ಟ ಶುರು.

ಸಂಘಕ್ಕೂ ಸರ್ಕಾರಕ್ಕೂ ಇನ್ನೊಂದು ವ್ಯತ್ಯಾಸ ಇದೆ. ನೀವು ಒಂದು ತಿಂಗಳು ಖರ್ಚು ಕಡಿಮೆ ಮಾಡಿದರೆ ನಿಮ್ಮ ಮನೆಯಲ್ಲಿ ಅಷ್ಟು ಉಳಿಯುತ್ತದೆ. ಸರ್ಕಾರ ಒಮ್ಮೆಲೇ ಖರ್ಚು ನಿಲ್ಲಿಸಿದರೆ ರಸ್ತೆ ಕೆಲಸದ ಕೂಲಿ ನಿಲ್ಲುತ್ತದೆ, ಆ ಕೂಲಿಯವನು ಸಂತೆಯಲ್ಲಿ ಕೊಳ್ಳುವುದು ನಿಲ್ಲುತ್ತದೆ, ಅಂಗಡಿಯವನು ಕಟ್ಟುವ ಜಿಎಸ್‌ಟಿ ಇಳಿಯುತ್ತದೆ. ಕೊನೆಗೆ ಸರ್ಕಾರದ ಆದಾಯವೇ ಕುಸಿದು, ಯಾವ ಕೊರತೆ ಇಳಿಸಲು ಹೊರಟಿತ್ತೋ ಅದೇ ಮತ್ತೆ ಎದುರು ನಿಲ್ಲುತ್ತದೆ. ಕೊರೋನಾ ವರ್ಷದಲ್ಲಿ ಕೊರತೆ ಅಷ್ಟು ಏರಿದ್ದಕ್ಕೆ ಖರ್ಚು ಎಷ್ಟು ಕಾರಣವೋ ತೆರಿಗೆ ಬತ್ತಿದ್ದೂ ಅಷ್ಟೇ ಕಾರಣ. ಆ ವರ್ಷ ಕೈ ಬಿಗಿ ಹಿಡಿದಿದ್ದರೆ ನಮ್ಮ ಜಿಲ್ಲೆಗೆ ವಾಪಸು ಬಂದ ವಲಸೆ ಕೂಲಿಕಾರರ ಗತಿ ಏನಾಗುತ್ತಿತ್ತು ಎಂದು ಈಗಲೂ ಯೋಚಿಸುತ್ತೇನೆ.

ಹಾಗಾದರೆ ನಿಮ್ಮ ಎರಡು ಸಾವಿರದ ಪಾಲು ಎಷ್ಟು? ಮುಚ್ಚುಮರೆ ಮಾಡದೆ ಹೇಳುತ್ತೇನೆ. 2023ರ ಫೆಬ್ರುವರಿಯಲ್ಲಿ ಮಂಡಿಸಿದ ರಾಜ್ಯ ಬಜೆಟ್ಟಿನಲ್ಲಿ 402 ಕೋಟಿ ರೂಪಾಯಿ ರಾಜಸ್ವ ಹೆಚ್ಚುವರಿ, ಎಂದರೆ ದಿನನಿತ್ಯದ ಖರ್ಚು ಕಳೆದು ಉಳಿಯುವ ಹಣ, ತೋರಿಸಿದ್ದರು. ಚುನಾವಣೆಯ ನಂತರ ಜುಲೈನಲ್ಲಿ ಗ್ಯಾರಂಟಿಗಳನ್ನು ಸೇರಿಸಿ ಮಂಡಿಸಿದ ಬಜೆಟ್ಟಿನಲ್ಲಿ ಅದೇ ಜಾಗದಲ್ಲಿ 12,522 ಕೋಟಿ ಕೊರತೆ ಬಂತು. ಭಾರ ಬಿದ್ದಿಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. 2025-26ರಲ್ಲಿ ಐದೂ ಗ್ಯಾರಂಟಿಗೆ ಇಟ್ಟಿದ್ದು 51,034 ಕೋಟಿ, 4,09,549 ಕೋಟಿಯ ಬಜೆಟ್ಟಿನಲ್ಲಿ ಎಂಟನೇ ಒಂದು ಪಾಲು. ಇದು ಸಣ್ಣದಲ್ಲ. ಆದರೆ ಏಳೂವರೆ ಲಕ್ಷ ಕೋಟಿಯ ಸಾಲ 2023ರಲ್ಲಿ ಹುಟ್ಟಿದ್ದಲ್ಲ. ಮೂರು ವರ್ಷದ ಗ್ಯಾರಂಟಿ ಹಣವನ್ನೆಲ್ಲ ಕೂಡಿಸಿ, ಅಷ್ಟನ್ನೂ ಸಾಲ ಮಾಡಿಯೇ ಕೊಟ್ಟರು ಎಂದುಕೊಂಡರೂ ಅದು ಒಟ್ಟು ಸಾಲದ ಐದನೇ ಒಂದು ಪಾಲಿನ ಆಚೀಚೆ. ಉಳಿದದ್ದು ದಶಕಗಳದ್ದು. ಅದರಲ್ಲಿ ನೀರಾವರಿ ಇದೆ, ರಸ್ತೆ ಇದೆ, ಸಂಬಳ, ಪಿಂಚಣಿ ಇವೆ. 2024ರ ಆಗಸ್ಟ್‌ನಿಂದ ಏಳನೇ ವೇತನ ಆಯೋಗ ಜಾರಿಯಾಯಿತು, ಅದರ ಭಾರ ವರ್ಷಕ್ಕೆ 20 ಸಾವಿರ ಕೋಟಿಯ ಮೇಲೆ. ನನ್ನ ಪಿಂಚಣಿಯೂ ಅದರಲ್ಲಿ ಹೆಚ್ಚಾಯಿತು. ಅದಕ್ಕಾಗಿ ಯಾರೂ ನನ್ನ ಮುಂದೆ ಮೊಬೈಲ್ ಹಿಡಿದು ಮೆಸೇಜ್ ಓದಲಿಲ್ಲ.

ಸಾಲ ಯಾವುದಕ್ಕೆ ಹೋಯಿತು ಎಂಬುದು ಮುಖ್ಯ, ಇದನ್ನು ನಿಮಗೆ ಹೇಳಿಕೊಡಬೇಕಾಗಿಲ್ಲ. ಸಂಘದ ಸಾಲದಲ್ಲಿ ಎಮ್ಮೆ ಕೊಂಡವಳನ್ನೂ ಜಾತ್ರೆ ಮಾಡಿದವಳನ್ನೂ ನೀವು ಒಂದೇ ಕಣ್ಣಿನಿಂದ ನೋಡುವುದಿಲ್ಲ. ಸರ್ಕಾರದ ಲೆಕ್ಕದಲ್ಲಿ ಇದಕ್ಕೆ ಎರಡು ಹೆಸರು. ದಿನನಿತ್ಯದ ಖರ್ಚು ದಿನನಿತ್ಯದ ಆದಾಯವನ್ನು ಮೀರಿದರೆ ರಾಜಸ್ವ ಕೊರತೆ. ಅದರ ಜತೆಗೆ ಕಾಲುವೆ, ಕಟ್ಟಡ, ರಸ್ತೆಗೆ ತಂದ ಸಾಲವೂ ಸೇರಿದರೆ ವಿತ್ತೀಯ ಕೊರತೆ. 2025-26ರಲ್ಲಿ ರಾಜ್ಯ ತರಬೇಕೆಂದುಕೊಂಡ ಸಾಲ 1,16,000 ಕೋಟಿ. ಅದು ಹೆಚ್ಚುಕಡಿಮೆ ಹೋಗುವುದು ಹೀಗೆ: 26,474 ಕೋಟಿ ಹಳೆಯ ಅಸಲಿಗೆ, 71,336 ಕೋಟಿ ಬಂಡವಾಳ ವೆಚ್ಚಕ್ಕೆ. 19,262 ಕೋಟಿಯಷ್ಟು ದಿನದ ಖರ್ಚಿನ ತೂತು ಮುಚ್ಚಲು. ನನಗೆ ಬೇಸರ ತರುವುದು ಈ ಕೊನೆಯ ಅಂಕಿ. ಕರ್ನಾಟಕ 2002ರಲ್ಲೇ, ಕೇಂದ್ರಕ್ಕಿಂತ ಮೊದಲು, ದೇಶದಲ್ಲೇ ಮೊದಲ ರಾಜ್ಯವಾಗಿ ವಿತ್ತೀಯ ಹೊಣೆಗಾರಿಕೆ ಕಾಯ್ದೆ ತಂದಿತು. ಹಾಗೆ ತಂದ ರಾಜ್ಯ ದಿನಸಿಗೆ ಸಾಲ ಮಾಡಬಾರದು.

ಆದರೆ ಇಲ್ಲೊಂದು ಮಾತು ಹೇಳಲೇಬೇಕು. ನಿಮ್ಮ ಎರಡು ಸಾವಿರ ಲೆಕ್ಕದ ಪುಸ್ತಕದಲ್ಲಿ ‘ರಾಜಸ್ವ ವೆಚ್ಚ’ ಎಂದೇ ಬರೆಯಲ್ಪಡುತ್ತದೆ. ಅದರಿಂದ ಒಂದು ಹುಡುಗಿ ಪಿಯುಸಿ ಓದಿದಳು ಎಂದು ಬರೆಯಲು ಆ ಪುಸ್ತಕದಲ್ಲಿ ಕಾಲಮ್ಮೇ ಇಲ್ಲ. ಇದನ್ನು ಭಾವನವರಿಗೆ ಓದಿ ಹೇಳಿ.

ನೋಟಿನ ವಿಷಯ ಬೇಗ ಮುಗಿಸುತ್ತೇನೆ. ಮೈಸೂರಿನಲ್ಲಿ ನೋಟು ಮುದ್ರಿಸುವ ಪ್ರೆಸ್ ಇರುವುದು ಖರೆ, ಆದರೆ ಅದು ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯದು, ರಾಜ್ಯ ಸರ್ಕಾರಕ್ಕೆ ಅದರ ಮೇಲೆ ಯಾವ ಅಧಿಕಾರವೂ ಇಲ್ಲ. ಕೇಂದ್ರ ಸರ್ಕಾರ ಮೊದಲು ‘ಅಡ್‌ಹಾಕ್ ಖಜಾನೆ ಹುಂಡಿ’ ಎಂಬ ದಾರಿಯಲ್ಲಿ ರಿಸರ್ವ್ ಬ್ಯಾಂಕಿನಿಂದ ಬೇಕಾದಷ್ಟು ಎತ್ತುತ್ತಿತ್ತು. 1997ರಲ್ಲಿ ಅದನ್ನು ನಿಲ್ಲಿಸಿದರು. 2006ರಿಂದ ಸರ್ಕಾರದ ಸಾಲಪತ್ರವನ್ನು (ಬಾಂಡ್) ಹರಾಜಿನಲ್ಲಿ ರಿಸರ್ವ್ ಬ್ಯಾಂಕ್ ನೇರವಾಗಿ ಕೊಳ್ಳುವುದಕ್ಕೂ ಕಾನೂನಿನ ತಡೆ ಇದೆ. ಕಾರಣ ನಿಮಗೆ ಗೊತ್ತಿರುವುದೇ: ಸಂತೆಗೆ ಬಂದ ಜೋಳ ಅಷ್ಟೇ ಇದ್ದು, ಎಲ್ಲರ ಕೈಯಲ್ಲೂ ಎರಡು ಪಟ್ಟು ನೋಟಿದ್ದರೆ ಜೋಳದ ಬೆಲೆ ಏರುತ್ತದೆ. ಆಗ ಕೂಲಿಯವರೂ ಪಿಂಚಣಿಯವರೂ ರಶೀದಿ ಇಲ್ಲದ ತೆರಿಗೆ ಕಟ್ಟಿದಂತಾಗುತ್ತದೆ. 1991ರಲ್ಲಿ ದೇಶದ ಚಿನ್ನ ಅಡವಿಟ್ಟ ಕಥೆಯನ್ನೂ ಇದಕ್ಕೆ ಸೇರಿಸಿ ಹೆದರಿಸುವವರಿದ್ದಾರೆ. ಆಗ 47 ಟನ್ ಚಿನ್ನ ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ಗೆ ಅಡವು ಹೋಗಿದ್ದು ಡಾಲರ್ ಇಲ್ಲದ್ದಕ್ಕೆ. ಇಂದು ನಮ್ಮ ಸರ್ಕಾರಗಳ ಸಾಲದಲ್ಲಿ ಬಹುಪಾಲು ರೂಪಾಯಿಯಲ್ಲಿದೆ, ನಮ್ಮವರಿಂದಲೇ ತಂದದ್ದು.

ನಮ್ಮವರು ಎಂದರೆ ಯಾರು? ನೀವೇ. ನಿಮ್ಮ ಸಂಘದ ಉಳಿತಾಯ ಇರುವ ಬ್ಯಾಂಕ್ ತನ್ನ ಠೇವಣಿಯಲ್ಲಿ ನೂರಕ್ಕೆ ಹದಿನೆಂಟು ರೂಪಾಯಿಯಷ್ಟನ್ನು ಮುಖ್ಯವಾಗಿ ಸರ್ಕಾರಿ ಸಾಲಪತ್ರಗಳಲ್ಲಿ ಇಡಬೇಕೆಂಬ ನಿಯಮ ಇದೆ. ಎಲ್‌ಐಸಿ ಪಾಲಿಸಿಯ ಕಂತು, ಫ್ಯಾಕ್ಟರಿ ಕಾರ್ಮಿಕರ ಪಿಎಫ್ ಬಹುಪಾಲು ಅಲ್ಲಿಗೇ ಹೋಗುತ್ತವೆ. ರಾಜ್ಯಗಳ ಸಾಲಪತ್ರವನ್ನು ರಿಸರ್ವ್ ಬ್ಯಾಂಕ್ ಸಾಮಾನ್ಯವಾಗಿ ಮಂಗಳವಾರ ಹರಾಜು ಹಾಕುತ್ತದೆ. ನಿಮ್ಮ ಹದಿನಾಲ್ಕು ಮಂದಿಯ ವಾರದ ಉಳಿತಾಯದ ಒಂದು ಚೂರು ಯಾವುದೋ ಮಂಗಳವಾರ ಸರ್ಕಾರಕ್ಕೆ ಸಾಲವಾಗಿ ಹೋಗಿರುತ್ತದೆ. ಮಗಳು ಸಾಲ ತೀರಿಸಬೇಕೇ ಎಂದು ಕೇಳಿದಿರಿ. ಅವಳ ಪೀಳಿಗೆ ಆ ಸಾಲಕ್ಕೂ ವಾರಸುದಾರರು, ಸಾಲಪತ್ರಕ್ಕೂ ವಾರಸುದಾರರು, ಆ ಸಾಲದಲ್ಲಿ ಕಟ್ಟಿದ ಕಾಲುವೆಗೂ ವಾರಸುದಾರರು. ಅವಳಿಗೆ ತಟ್ಟುವುದು ಬಡ್ಡಿ. ಕೇಂದ್ರದ 2025-26ರ 50.65 ಲಕ್ಷ ಕೋಟಿ ಖರ್ಚಿನಲ್ಲಿ 12.76 ಲಕ್ಷ ಕೋಟಿ, ನಾಲ್ಕರಲ್ಲಿ ಒಂದು ಪಾಲು, ಬಡ್ಡಿಗೇ ಹೋಗುತ್ತದೆ. ಆ ಪಾಲು ದೊಡ್ಡದಾದಷ್ಟೂ ಅವಳ ಕಾಲದ ಶಾಲೆಗೆ, ಆಸ್ಪತ್ರೆಗೆ ಉಳಿಯುವುದು ಕಡಿಮೆ. ಅದೂ ಅಲ್ಲದೆ ಬಡ್ಡಿಯನ್ನು ಎಲ್ಲರ ತೆರಿಗೆಯಿಂದ ಕಟ್ಟುತ್ತಾರೆ, ಅದು ಹೆಚ್ಚು ಸೇರುವುದು ಹೆಚ್ಚು ಉಳಿತಾಯ ಇರುವವರಿಗೆ.

ತೆರಿಗೆ ಎಂದ ಕೂಡಲೇ, ಕಟ್ಟುವವರು ಬೇರೆ, ಪಡೆಯುವವರು ಬೇರೆ ಎಂಬ ಮಾತು ಬರುತ್ತದೆ. ನಿಮ್ಮ ಯಜಮಾನರು ಟ್ರ್ಯಾಕ್ಟರಿಗೆ ಹಾಕಿಸುವ ಡೀಸೆಲ್ ಮೇಲೆ ರಾಜ್ಯದ ಮಾರಾಟ ತೆರಿಗೆ 2024ರ ಜೂನ್‌ನಲ್ಲಿ ಶೇ 14.34ರಿಂದ 18.44ಕ್ಕೆ ಏರಿತು, 2025ರ ಏಪ್ರಿಲ್‌ನಲ್ಲಿ ಶೇ 21.17 ಆಯಿತು. ಕಬ್ಬಿನ ಹಂಗಾಮಿನಲ್ಲಿ ದಿನಕ್ಕೆ ಎಷ್ಟು ಲೀಟರ್ ಸುಡುತ್ತದೆ ಎಂದು ಅವರನ್ನು ಕೇಳಿ, ನಿಮ್ಮ ಮನೆ ಎಷ್ಟು ತೆರಿಗೆ ಕಟ್ಟುತ್ತದೆ ಎಂದು ತಿಳಿಯುತ್ತದೆ. ರಾಜ್ಯ ಏಕೆ ಡೀಸೆಲ್ಲನ್ನೇ ಹಿಡಿಯಿತು ಎಂದರೆ, 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ರಾಜ್ಯವೊಂದೇ ಕೂತು ಏರಿಸಬಹುದಾದ ದೊಡ್ಡ ತೆರಿಗೆಗಳು ಕೆಲವೇ ಉಳಿದಿವೆ: ಪೆಟ್ರೋಲ್-ಡೀಸೆಲ್, ಮದ್ಯ, ನೋಂದಣಿ-ಮುದ್ರಾಂಕ, ವಾಹನ. ಕೇಂದ್ರದ ತೆರಿಗೆಯಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದಲ್ಲಿ ಶೇ 4.713 ಇದ್ದದ್ದು 15ನೆಯದರಲ್ಲಿ ಶೇ 3.647ಕ್ಕೆ ಇಳಿಯಿತು. ಸೆಸ್, ಸರ್‌ಚಾರ್ಜ್ ಎಂದು ಕೇಂದ್ರ ಎತ್ತುವ ಹಣದಲ್ಲಿ ರಾಜ್ಯಗಳಿಗೆ ಪಾಲೇ ಇಲ್ಲ.

ಇನ್ನೊಂದು ಕಡೆಯನ್ನೂ ನೋಡಬೇಕು. 2019ರ ಸೆಪ್ಟೆಂಬರ್‌ನಲ್ಲಿ ಕಂಪನಿಗಳ ತೆರಿಗೆಯನ್ನು ಶೇ 30ರಿಂದ 22ಕ್ಕೆ ಇಳಿಸಿದಾಗ ವರ್ಷಕ್ಕೆ 1.45 ಲಕ್ಷ ಕೋಟಿ ಬಿಟ್ಟುಕೊಟ್ಟಂತೆ ಎಂದು ಸರ್ಕಾರವೇ ಹೇಳಿತು. 2025ರಲ್ಲಿ ಹನ್ನೆರಡು ಲಕ್ಷದ ತನಕ ಆದಾಯ ತೆರಿಗೆ ಇಲ್ಲ ಎಂದಾಗ ಸುಮಾರು ಒಂದು ಲಕ್ಷ ಕೋಟಿ. ಇವುಗಳಿಂದ ಒಳ್ಳೆಯದಾಗಲಿಲ್ಲ ಎಂದು ನಾನು ಹೇಳುವುದಿಲ್ಲ, ಜನರ ಕೈಯಲ್ಲಿ ಉಳಿದ ದುಡ್ಡು ಮತ್ತೆ ಪೇಟೆಗೆ ಬಂದು ಒಂದಷ್ಟು ಜಿಎಸ್‌ಟಿ ಆಗಿ ಮರಳುತ್ತದೆ. ಪೂರ್ತಿ ಮರಳುವುದಿಲ್ಲ. ಕಿರ್ದಿ ಬರೆಯುವವರಿಗೆ ಇದು ಸುಲಭವಾಗಿ ಹೊಳೆಯುತ್ತದೆ: ಖರ್ಚಿನ ಪುಟದಲ್ಲಿ ನೂರು ಹೆಚ್ಚಿದರೂ ಜಮೆಯ ಪುಟದಲ್ಲಿ ನೂರು ತಗ್ಗಿದರೂ ಕೆಳಗಿನ ಮೊತ್ತ ಒಂದೇ. ಬಡವರಿಗೆ ಕೊಟ್ಟದ್ದನ್ನು ಸಾಲಕ್ಕೆ ಕಾರಣ ಎಂದು ಎಣಿಸುವವರು ಉಳ್ಳವರಿಂದ ತೆಗೆದುಕೊಳ್ಳದೆ ಬಿಟ್ಟದ್ದನ್ನೂ ಅದೇ ಸಾಲಿನಲ್ಲಿ ಎಣಿಸಬೇಕು.

ಈಗ ನನ್ನ ಚಿಂತೆ. ನಮ್ಮ ಕಾಯ್ದೆ ಹಾಕಿರುವ ಗೆರೆ ಹೀಗಿದೆ: ವಿತ್ತೀಯ ಕೊರತೆ ರಾಜ್ಯದ ಉತ್ಪನ್ನದ ಶೇ 3 ಮೀರಬಾರದು, ಒಟ್ಟು ಸಾಲ ಶೇ 25 ಮೀರಬಾರದು. 2025-26ರ ಬಜೆಟ್ಟಿನಲ್ಲಿ ತೋರಿಸಿದ್ದು ಶೇ 2.95 ಮತ್ತು ಶೇ 24.91. ಎರಡೂ ಗೆರೆಗೆ ಕೂದಲೆಳೆಯಷ್ಟು ದೂರ. ಗೆರೆ ಹತ್ತಿರ ಬಂದಾಗ ಸರ್ಕಾರಗಳು ಏನು ಮಾಡುತ್ತವೆ ಎಂದು ನಾನು ಕಣ್ಣಾರೆ ನೋಡಿದ್ದೇನೆ.

ಒಂದು ಮಾರ್ಚ್ 31ರ ರಾತ್ರಿ. ನಾನಿದ್ದ ಕಚೇರಿಯ ಪಡಸಾಲೆಯಲ್ಲಿ ಒಬ್ಬ ಸಣ್ಣ ಗುತ್ತಿಗೆದಾರ ಮುಂಜಾನೆಯಿಂದ ಕೂತಿದ್ದ. ಒಂದು ಹಳ್ಳಕ್ಕೆ ಬಾಂದಾರ ಕಟ್ಟಿಸಿದ್ದ. ಅಳತೆ ಪುಸ್ತಕದಲ್ಲಿ ನಮೂದಾಗಿತ್ತು, ಸಹಿಗಳೆಲ್ಲ ಬಿದ್ದಿದ್ದವು, ಬಾಂದಾರದಲ್ಲಿ ಒಂದು ಮಳೆಗಾಲದ ನೀರೂ ನಿಂತು ಹೋಗಿತ್ತು. ಬಂದಿಲ್ಲದ್ದು ಅನುದಾನ ಮಾತ್ರ. ರಾತ್ರಿ ಹತ್ತರ ಹೊತ್ತಿಗೆ ಬುತ್ತಿ ಬಿಚ್ಚಿ, ಕಟಕ ರೊಟ್ಟಿ, ಶೇಂಗಾ ಹಿಂಡಿ ನನ್ನ ಕಡೆ ಸರಿಸಿ ‘ಸಾಹೇಬ್ರ, ನೀವೂ ಉಂಡಿಲ್ಲ, ತಗೋರಿ’ ಅಂದ. ಹನ್ನೆರಡಕ್ಕೆ ವರ್ಷದ ಲೆಕ್ಕ ಮುಚ್ಚಿತು. ಅವನ ಬಿಲ್ಲು ಹೊರಗೇ ಉಳಿಯಿತು. ನೂರಕ್ಕೆ ತಿಂಗಳಿಗೆ ಮೂರರಂತೆ ಬಡ್ಡಿಗೆ ತಂದು ಸಿಮೆಂಟು, ಕೂಲಿ ಕೊಟ್ಟಿದ್ದ. ಹಣ ಬಂದಿದ್ದು ಹದಿನಾಲ್ಕು ತಿಂಗಳ ಮೇಲೆ. ಅಷ್ಟರಲ್ಲಿ ಹೆಂಡತಿಯ ಕೊರಳಿನ ಬೋರಮಾಳ ಹೋಗಿತ್ತು.

ಸರ್ಕಾರದ ಲೆಕ್ಕ ನಗದು ಲೆಕ್ಕ. ದುಡ್ಡು ಹೊರಗೆ ಹೋದ ದಿನವೇ ಅದು ಖರ್ಚು. ಕೊಡಬೇಕಾಗಿದ್ದು ಕೊಡದೆ ಉಳಿದರೆ ಆ ವರ್ಷದ ಕೊರತೆಯಲ್ಲಿ ಅದು ಕಾಣುವುದೇ ಇಲ್ಲ. ಆ ವರ್ಷ ಕೊರತೆ ಮಿತಿಯೊಳಗಿತ್ತು. ಸಾಲ ಆ ಗುತ್ತಿಗೆದಾರನ ಮನೆಯಲ್ಲಿತ್ತು. ನಮ್ಮ ಕಡೆ ಅಂಗಡಿಯವರು ಇದಕ್ಕೆ ಉದ್ರಿ ಅನ್ನುತ್ತಾರೆ, ಮತ್ತು ಅವರು ಉದ್ರಿಯನ್ನು ತಪ್ಪದೆ ವಹಿಯಲ್ಲಿ ಬರೆದಿಡುತ್ತಾರೆ.

ಬಜೆಟ್ಟಿನ ಹೊರಗಿನ ಸಾಲದ ಕಥೆಯೂ ನಮ್ಮ ನದಿ ದಂಡೆಯದೇ. 1994ರಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮ ಹುಟ್ಟಿದ್ದೇ ಕೃಷ್ಣಾ ಮೇಲ್ದಂಡೆ ಯೋಜನೆಗೆ ಪೇಟೆಯಿಂದ ಬಾಂಡ್ ಮೂಲಕ ಸಾಲ ತರಲು, ಸರ್ಕಾರದ ಖಾತರಿಯ ಮೇಲೆ. ಬಜೆಟ್ಟಿನ ಹಣಕ್ಕೆ ಕಾದಿದ್ದರೆ ಆಲಮಟ್ಟಿ ಅಷ್ಟು ಬೇಗ ಏಳುತ್ತಿರಲಿಲ್ಲ, ಆ ಸಾಲ ಎಮ್ಮೆ ಕೊಳ್ಳಲು ತಂದ ಸಾಲ ಎಂದೇ ನಾನು ತಿಳಿದಿದ್ದೇನೆ. ಆದರೆ ನಿಗಮದ ಹೆಸರಿನಲ್ಲಿ ಇದ್ದದ್ದರಿಂದ ಅದು ಬಹಳ ಕಾಲ ರಾಜ್ಯದ ಸಾಲ ಎಂದು ಕಾಣಲಿಲ್ಲ, ಬಡ್ಡಿ ಮಾತ್ರ ಬಜೆಟ್ಟಿನಿಂದ ಹೋಗುತ್ತಿತ್ತು. ಈಗ ಇಂಥ ಸಾಲವನ್ನೂ ರಾಜ್ಯದ ಹೊಣೆಗಾರಿಕೆಯಲ್ಲಿ ಸೇರಿಸಿ ತೋರಿಸುತ್ತಾರೆ. ಒಳ್ಳೆಯ ಬದಲಾವಣೆ. ಕೊಡದ ಬಿಲ್ಲುಗಳಿಗೂ ಕೊಡದ ಭೂಪರಿಹಾರಕ್ಕೂ ಅಂಥ ಬದಲಾವಣೆ ಬರಬೇಕು.

ಇಲ್ಲಿಗೆ ನಿಮ್ಮ ಹೊಲದ ದಂಡೆಗೆ ಬಂದೆವು. 2025ರ ಸೆಪ್ಟೆಂಬರ್‌ನಲ್ಲಿ ಸಂಪುಟ ಸಭೆ ಹಿನ್ನೀರಿನಲ್ಲಿ ಮುಳುಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಖುಷ್ಕಿಗೆ, ಎಂದರೆ ಮಳೆ ನಂಬಿದ ಜಮೀನಿಗೆ, 30 ಲಕ್ಷ ಎಂದು ತೀರ್ಮಾನಿಸಿತು. ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದ ಭೂಸ್ವಾಧೀನಕ್ಕೆ ಒಟ್ಟು ಸುಮಾರು 70 ಸಾವಿರ ಕೋಟಿ ಬೇಕು ಎಂದು ಅಂದಾಜು. ಮೇಲೆ ಹೇಳಿದ 71,336 ಕೋಟಿ ನೆನಪಿದೆಯಲ್ಲ? ಇಡೀ ರಾಜ್ಯ ಒಂದು ವರ್ಷದಲ್ಲಿ ಎಲ್ಲ ರಸ್ತೆ, ಕಾಲುವೆ, ಕಟ್ಟಡಕ್ಕೆ ಇಟ್ಟ ಬಂಡವಾಳ ಅದು. ಒಂದೇ ಯೋಜನೆಯ ಭೂಮಿಗೆ ಅಷ್ಟು ಬೇಕು. ಸರ್ಕಾರ ಕೊಡುತ್ತದೆಯೇ ಎಂದರೆ, ಕೊಡುತ್ತದೆ. ರಾಜ್ಯ ದಿವಾಳಿಯಾಗಿ ನಿಮ್ಮ ಹಣ ಮುಳುಗುವುದಿಲ್ಲ. ಅಪಾಯ ಇರುವುದು ತಡವಾಗುವುದರಲ್ಲಿ.

ತಡ ಮಾಡಿದರೆ ಉಳಿತಾಯ ಎಂದು ಹಣಕಾಸಿನ ಕಡತ ನೋಡುವವರಿಗೆ ಅನ್ನಿಸುತ್ತದೆ. ಕಾನೂನು ನೋಡಿ. ಭೂಮಿಗೆ ಕೋರ್ಟು ಪರಿಹಾರ ಹೆಚ್ಚಿಸಿದರೆ, ಹೆಚ್ಚಿಸಿದ ಮೊತ್ತಕ್ಕೆ ಸ್ವಾಧೀನದ ದಿನದಿಂದ ಮೊದಲ ವರ್ಷ ಶೇ 9, ಆಮೇಲೆ ಶೇ 15 ಬಡ್ಡಿ. 1894ರ ಕಾಯ್ದೆಯಲ್ಲೂ ಇದೇ ಇತ್ತು, 2013ರ ಕಾಯ್ದೆಯಲ್ಲೂ ಇದೇ ಇದೆ. ಒಂದು ಲಕ್ಷ ಹತ್ತು ವರ್ಷ ಎಳೆದರೆ ಬಡ್ಡಿಯೇ 1.44 ಲಕ್ಷ. ಅದೇ ಲಕ್ಷವನ್ನು ಶೇ 7ರಂತೆ ಮಂಗಳವಾರದ ಹರಾಜಿನಲ್ಲಿ ತಂದು ಮೊದಲೇ ಕೊಟ್ಟುಬಿಟ್ಟಿದ್ದರೆ ಹತ್ತು ವರ್ಷದ ಬಡ್ಡಿ 70 ಸಾವಿರ. ಸಾಲ ಮಾಡಲಿಲ್ಲ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ವರ್ಷದಲ್ಲೇ ಸರ್ಕಾರ ಎಲ್ಲಕ್ಕಿಂತ ದುಬಾರಿ ಸಾಲವನ್ನು ಬರೆಯದೆ ಮಾಡಿರುತ್ತದೆ. ಬಾಗಲಕೋಟೆಯ ಹಳೇ ಊರು ಮುಳುಗಿ ನವನಗರ ಎದ್ದು ಇಷ್ಟು ವರ್ಷವಾದರೂ ಪರಿಹಾರದ ಕೇಸಿನ ಫೈಲು ಹಿಡಿದು ಓಡಾಡುವವರನ್ನು ನೀವೂ ಕಂಡಿದ್ದೀರಿ.

ಹಾಗಾದರೆ ಸರ್ಕಾರ ಏನು ಮಾಡಬಹುದು? ಖರ್ಚು ಕತ್ತರಿಸಬಹುದು, ಆದರೆ ಸಂಬಳ, ಪಿಂಚಣಿ, ಬಡ್ಡಿಗೆ ಕತ್ತರಿ ಹಾಕಲಾಗದು, ಹಾಗಾಗಿ ಕತ್ತರಿ ಬೀಳುವುದು ಯಾವಾಗಲೂ ಕಾಲುವೆ, ರಸ್ತೆಗೆ. ಗ್ಯಾರಂಟಿಯಿಂದ ಉಳ್ಳವರನ್ನು ಕೈಬಿಡಬಹುದು. ನಾನು ಅದನ್ನು ಒಪ್ಪುತ್ತೇನೆ, ಆದರೆ ಪಟ್ಟಿ ತಿದ್ದುವಾಗ ಕಾರಿರುವವರು ಉಳಿದು, ದಾಖಲೆ ಸರಿ ಇಲ್ಲದ ಮುದುಕಿ ಹೊರಗೆ ಬೀಳುವುದನ್ನು ರೇಷನ್ ಕಾರ್ಡಿನಲ್ಲಿ ನೋಡಿದ್ದೇವೆ. ತೆರಿಗೆ ಏರಿಸಬಹುದು. ಡೀಸೆಲ್ಲಿಗೆ ಮತ್ತೆ ಏರಿಸಿದರೆ ಅದು ನಿಮ್ಮಂಥವರ ಮೇಲೆ, ಪೇಟೆಯ ಜಾಗದ ಮಾರ್ಗಸೂಚಿ ಬೆಲೆಯನ್ನು ನಿಜವಾದ ಬೆಲೆಗೆ ತಂದರೆ ಭಾರ ಬೇರೆ ಕಡೆ ಬೀಳುತ್ತದೆ. ನನ್ನನ್ನು ಕೇಳಿದರೆ ಮೊದಲ ಕೆಲಸ, ಕೈಯಲ್ಲಿ ದುಡ್ಡಿಲ್ಲದೆ ಹೊಸ ಕಾಮಗಾರಿಗೆ ಗುದ್ದಲಿ ಪೂಜೆ ಮಾಡುವುದನ್ನು ನಿಲ್ಲಿಸಿ ಹಳೇ ಉದ್ರಿ ತೀರಿಸುವುದು. ಅದಕ್ಕಾಗಿ ಸಾಲ ಮಾಡಿದರೂ ನಾನು ತಪ್ಪೆನ್ನುವುದಿಲ್ಲ.

ನಿಮ್ಮ ಕೈಯಲ್ಲಿ ಇರುವ ಆಯ್ಕೆಗಳೂ ಸಲೀಸಾಗಿಲ್ಲ. ಒಪ್ಪಿತ ಐತೀರ್ಪಿಗೆ, ಎಂದರೆ ಪರಿಹಾರ ಇಷ್ಟು ಎಂದು ಎರಡೂ ಕಡೆ ಒಪ್ಪಿದ ಆದೇಶಕ್ಕೆ, ಸಹಿ ಹಾಕಿದರೆ ಹಣ ಬೇಗ ಬರುವ ಸಂಭವ ಹೆಚ್ಚು, ಆದರೆ ಹೆಚ್ಚು ಕೇಳಿ ಕೋರ್ಟಿಗೆ ಹೋಗುವ ದಾರಿ ಸಾಮಾನ್ಯವಾಗಿ ಮುಚ್ಚುತ್ತದೆ. ಕೋರ್ಟಿಗೆ ಹೋದರೆ ಬಡ್ಡಿ ಸಿಗಬಹುದು, ಮಾವನವರ ಆಯುಷ್ಯವೂ ಅದರಲ್ಲಿ ಕಳೆಯಬಹುದು. ಸಹಿ ಹಾಕುವ ಮೊದಲು ಕಾಗದವನ್ನು ವಕೀಲರಿಗೆ ತೋರಿಸಿ, ಊರಿನ ಏಜೆಂಟನಿಗಲ್ಲ.

ಹಣ ಬಂದ ಮೇಲೆ ಊರಿನ ಪತ್ತಿನ ಸಹಕಾರಿ ಸಂಘದವರು, ಸೌಹಾರ್ದದವರು ಹೆಚ್ಚು ಬಡ್ಡಿ ಹೇಳಿಕೊಂಡು ಮನೆಗೇ ಬರುತ್ತಾರೆ. ಬ್ಯಾಂಕಿನ ಠೇವಣಿಗೆ, ಸಹಕಾರಿ ಬ್ಯಾಂಕೂ ಸೇರಿ, ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ಐದು ಲಕ್ಷದ ತನಕ ವಿಮೆ ಇದೆ. ಪತ್ತಿನ ಸಂಘಗಳಿಗೆ ಆ ವಿಮೆ ಇಲ್ಲ. ದೊಡ್ಡ ಮೊತ್ತವನ್ನು ಎರಡು ಮೂರು ಬ್ಯಾಂಕಿಗೆ ಹಂಚಿ. ರಿಸರ್ವ್ ಬ್ಯಾಂಕಿನ ‘ರಿಟೇಲ್ ಡೈರೆಕ್ಟ್’ ಖಾತೆ ತೆರೆದರೆ ಹತ್ತು ಸಾವಿರದಿಂದ ಸರ್ಕಾರದ ಸಾಲಪತ್ರವನ್ನು ನೀವೇ ಕೊಳ್ಳಬಹುದು, ಕರ್ನಾಟಕದ್ದೂ ಸಿಗುತ್ತದೆ. ಆರು ತಿಂಗಳಿಗೊಮ್ಮೆ ಬಡ್ಡಿ ಬರುತ್ತದೆ. ಅಪಾಯ ಏನೆಂದರೆ ಅದು ಹತ್ತು ಹದಿನೈದು ವರ್ಷದ ಕಾಗದ, ನಡುವೆ ಮಗಳ ಮದುವೆಗೋ ಓದಿಗೋ ಬೇಕೆಂದು ಮಾರಲು ಹೋದರೆ ಆ ದಿನದ ಬೆಲೆ ಕೊಂಡದ್ದಕ್ಕಿಂತ ಕಡಿಮೆ ಇರಬಹುದು. ಹತ್ತು ವರ್ಷ ಮುಟ್ಟದ ಹಣವನ್ನಷ್ಟೇ ಅಲ್ಲಿ ಇಡಿ.

ಇದೆಲ್ಲಕ್ಕಿಂತ ಮೊದಲು ಈ ವಾರವೇ ಒಂದು ಕೆಲಸ ಮಾಡಿ. ಮಾವನವರ ಹೊಲದ ಉತಾರಿ (ಪಹಣಿ) ತೆಗೆಸಿ ನೋಡಿ. ಬೋರಿನ ನೀರಿನಲ್ಲಿ ಕಬ್ಬು ಬೆಳೆಯುತ್ತೀರಿ ಎಂದು ಬರೆದಿದ್ದೀರಿ. ಉತಾರಿಯಲ್ಲಿ ಬೋರ್ ನಮೂದಾಗಿದೆಯೇ, ಬೆಳೆಯ ಕಾಲಮ್ಮಿನಲ್ಲಿ ಕಬ್ಬು ಇದೆಯೇ, ಅಥವಾ ಹಳೇ ಕಾಲದ ಖುಷ್ಕಿ, ಜೋಳ ಎಂದೇ ಉಳಿದಿದೆಯೇ? ತಪ್ಪಿದ್ದರೆ ಐತೀರ್ಪಿನ ಮೊದಲೇ ತಲಾಠಿಗೆ, ತಹಶೀಲ್ದಾರರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. ಬೋರಿನ ವಿದ್ಯುತ್ ಸಂಪರ್ಕದ ಕಾಗದ, ಫ್ಯಾಕ್ಟರಿಗೆ ಕಬ್ಬು ಕಳಿಸಿದ ತೂಕದ ಚೀಟಿಗಳನ್ನು ಜತೆಗೆ ಲಗತ್ತಿಸಿ. ಮೂರು ಎಕರೆ ಇಪ್ಪತ್ತು ಗುಂಟೆಗೆ ನೀರಾವರಿ, ಖುಷ್ಕಿ ಎಂಬ ಒಂದು ಪದದ ವ್ಯತ್ಯಾಸ 35 ಲಕ್ಷ ರೂಪಾಯಿ.